ಧಾರಾಳ ಎನ್ನಿಸಿಕೊಂಡ ಮಚ್ಚೇಂದ್ರ

ಹಳ್ಳಿಖೇಡ ರಸ್ತೆ ಬದಿಯ ತನ್ನ ತುಂಡು ಹೊಲದಲ್ಲಿ ಬೋರಿಗೆ ನೀರು ಬಿದ್ದ ವರ್ಷವೇ ಮಚ್ಚೇಂದ್ರ ಅಂಚಿಗೊಂದು ಸಿಮೆಂಟಿನ ತೊಟ್ಟಿ ಕಟ್ಟಿಸಿದ. ತನ್ನ ಕೊತ್ತಂಬರಿ ಬಾಡಿದರೂ ಊರ ದನಗಳಿಗಾಗಿ ಮೊದಲು ಮೋಟರು ಹಾಕುತ್ತಿದ್ದ. ಧಾರಾಳ ಮನುಷ್ಯ ಎಂದರು ಊರವರು.

ಆ ಮಾತು ಅವನಿಗೆ ಚುಚ್ಚುತ್ತಿತ್ತು. ಅದರ ಅರ್ಥವನ್ನು ಹುಮನಾಬಾದಿನ ಚಹಾದಂಗಡಿಯಲ್ಲಿ ಗೆಳೆಯ ಸಂಘರತ್ನ ಒಮ್ಮೆ ಬಿಡಿಸಿ ಹೇಳಿದ್ದ. ಸಂಘರತ್ನ ಕನ್ನಡ ಮಾಸ್ತರ. ಧಾರಾಳದ ಬೇರು ಧಾರೆ, ಕಡಿಯದೆ ಸುರಿಯುವ ನೀರು. ಹಿಂದೆ ದಾನ ಕೊಡುವವರು ಪಡೆಯುವವನ ಕೈಮೇಲೆ ನೀರು ಬಿಟ್ಟು ಕೊಡುತ್ತಿದ್ದರು. ಧಾರೆ ಎರೆಯುವುದು ಅಂದರೆ ಅದೇ.

“ಹಂಗಾದ್ರ ಪಂಡರಿ ಕಾಕಾನ ಅವ್ವನಷ್ಟು ಧಾರಾಳ ಯಾರೂ ಇಲ್ಲ ಬಿಡೋ ಮಾಸ್ತರಾ,” ಎಂದು ಮಚ್ಚೇಂದ್ರ ನಕ್ಕ. “ಸಣ್ಣಾಂವ ಇದ್ದಾಗ ಅವರ ಕಟ್ಟಿ ಕೆಳಗ ಬೊಗಸಿ ಒಡ್ಡಿ ಕುಂದರತಿದ್ದೆ. ಮ್ಯಾಲಿಂದ ಸುರೀತಿದ್ಳು. ಅರ್ಧ ನೀರು ಮೊಣಕೈಗೇ ಹೋಗತಿತ್ತು. ಚರಿಗಿ ಮಾತ್ರ ಕೈಗೆ ಕೊಡಲಿಲ್ಲ.”

ನಕ್ಕವನು ಅವನೊಬ್ಬನೇ.

ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಪಂಡರಿ ಒಮ್ಮೆ ಮಚ್ಚೇಂದ್ರನ ಚರಿಗೆಯಿಂದ ನೀರು ಕುಡಿಯಬೇಕು. ಕೊರಳಿಗೆ ತುಳಸಿಮಾಲೆ ಹಾಕಿದ ಆ ಮುದುಕ ದಿನಾ ಎಮ್ಮೆಗಳನ್ನು ತೊಟ್ಟಿಗೆ ಹೊಡೆದುಕೊಂಡು ಬರುತ್ತಿದ್ದ. ತಾನು ಮಾತ್ರ, ಮನೆಯಿಂದ ತಂದ ಬಾಟಲಿ ಬರಿದಾದರೂ, ಬೇವಿನ ನೆರಳಲ್ಲಿ ಒಣತುಟಿ ನೆಕ್ಕುತ್ತ ಕೂರುತ್ತಿದ್ದ.

“ಕಾಕಾ, ಒಂದ್ ಗುಟುಕು ಕುಡೀರಿ.”

“ಏಕಾದಶಿ ಅದ ತಮ್ಮಾ.”

“ನಿಮ್ಮ ವಿಠ್ಠಲ ವಾರಕ್ಕ ಎಷ್ಟು ಏಕಾದಶಿ ಕೊಡ್ತಾನ್ರೀ?”

“ನಿಂದು ಬಾಯಿ ಭಾಳ ಆತು ನೋಡು,” ಎಂದು ಪಂಡರಿಯೂ ನಗುತ್ತಿದ್ದ. “ದಿಲ್ ಅಂತೂ ದರಿಯಾ, ಸಮುದ್ರ ಇದ್ದಂಗ.”

ಒಂದು ದಿನ ಮಚ್ಚೇಂದ್ರ ಸಿಟ್ಟಿನಲ್ಲಿ ಮೋಟರು ಬಂದ್ ಮಾಡಿದ. ಕರುವೊಂದು ಒಣಗಿದ ತೊಟ್ಟಿ ನೆಕ್ಕತೊಡಗಿತು. ನೋಡಲಾರದೆ ಮತ್ತೆ ಹಾಕಿದ.

“ಅಂವ ಕುಡಿಯಂಗಿಲ್ಲ, ನೀ ಬಿಡಂಗಿಲ್ಲ,” ಎಂದಳು ಹೆಂಡತಿ ದ್ರೌಪತಿ.

“ಎಮ್ಮಿ ಏನ್ ಮಾಡ್ಯಾವ? ಅವಕ್ಕ ಯಾರರ ಜಾತಿ ಕಲಿಸ್ಯಾರೇನು?”

ಮೇ ತಿಂಗಳ ಒಂದು ಮಧ್ಯಾಹ್ನ ಪಂಡರಿ ರಸ್ತೆಯಿಂದಲೇ ಕೂಗಿದ: “ಕರೆಂಟ್ ಬಂದದ, ಹಾಕೋ ಮಚ್ಚ್ಯಾ!” ಮಚ್ಚೇಂದ್ರ ಹಸಿಗಾಲಲ್ಲೇ ಹೋಗಿ ಸ್ಟಾರ್ಟರಿಗೆ ಕೈಯಿಟ್ಟ. ಅದು ಅವನನ್ನು ದೂರಕ್ಕೆ ಬಿಸಾಡಿತು. ಮೊದಲು ಓಡಿಬಂದವನು ಪಂಡರಿಯೇ. ಬಂದವನು ಮುಟ್ಟಿ ಎತ್ತಲಿಲ್ಲ; “ಯಾರರ ಬರ್ರೋ” ಎಂದು ಎದೆ ಬಡಿದುಕೊಳ್ಳುತ್ತ ನಿಂತ. ದ್ರೌಪತಿ ಬಂದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಟೆಂಪೊ ಹುಮನಾಬಾದ್ ಮುಟ್ಟುವ ಮೊದಲೇ ಜೀವ ಹೋಗಿತ್ತು.

ವೈರು ಬದಲಾಯಿಸಿದ ಮೇಲೆ ದ್ರೌಪತಿ ತಾನೇ ಮೋಟರು ಹಾಕಿ ತೊಟ್ಟಿ ತುಂಬಿಸಿದಳು. ಎಮ್ಮೆಗಳು ಬಂದಾಗ ಅಡ್ಡ ನಿಂತು ಚರಿಗೆ ಮುಂದೆ ಹಿಡಿದಳು.

“ಮೊದಲ ನೀವ್ ಕುಡೀರಿ ಕಾಕಾ. ಆಮ್ಯಾಲ ಎಮ್ಮಿ.”

“ಮುದುಕಗ ಯಾಕ ಪೇಚಿಗೆ ಹಾಕ್ತಿ ಬಾಯೀ? ಅಂವ ಹಿಂಗ ಮಾಡ್ತಿದ್ದಿಲ್ಲ.”

“ಅಂವ ಧಾರಾಳ ಇದ್ದ. ನಾ ಅಲ್ಲ.”

ಪಂಡರಿ ರಸ್ತೆಯ ಎರಡೂ ಕಡೆ ನೋಡಿದ. ನೋಡುವವರು ಯಾರೂ ಇರಲಿಲ್ಲ. ಆದರೂ ಕೈ ಮೇಲೇಳಲಿಲ್ಲ. ಕಣ್ಣಲ್ಲಿ ನೀರು ಬಂತು. ಹಿಂದೆ ತಿರುಗಿ ಎಮ್ಮೆಗಳನ್ನು ನೀರು ಕುಡಿಸದೆಯೇ ಊರ ಕಡೆ ಹೊಡೆದ. ನೀರಿನ ವಾಸನೆ ಹಿಡಿದ ಮುಂದಿನ ಎಮ್ಮೆ ಕಾಲೂರಿ ನಿಂತುಬಿಟ್ಟಿತು. ಅದು ಕದಲುವವರೆಗೂ ಅವನು ಅದರ ಬೆನ್ನ ಮೇಲೆ ಬಡಿಗೆಯಿಂದ ಹೊಡೆಯುತ್ತಲೇ ಇದ್ದ.