ಕಲ್ಲಿನ ಮೇಲಿನ ಮಾಂಸಕ್ಕೆ ಉಪ್ಪು ನೋಡಿದ ಸಂಜೆ

ನನ್ನ ಗಂಡನಿಗೆ ಸ್ಟೇಕ್ ತಿನ್ನುವ ಹುಚ್ಚು ಹಿಡಿದದ್ದು ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದಾಗ. ಅದಕ್ಕೂ ಮೊದಲು ಅವರು ಆ ಹೆಸರನ್ನೇ ಕೇಳಿರಲಿಲ್ಲ. ನಾವು ಶಹಾಬಾದಿನವರು. ಅವರದು ನೆಲಕ್ಕೆ ಹಾಸುವ ಫರ್ಶಿ ಕಲ್ಲಿಗೆ ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ. ನಮ್ಮ ಮನೆಯಲ್ಲಿ ಮಾಂಸ ಎಂದರೆ ರವಿವಾರದ ಮಟನ್ ಸಾರು, ಜೊತೆಗೆ ಜೋಳದ ರೊಟ್ಟಿ, ಅಷ್ಟೇ. ಗಂಟಲಿಗೆ ಕ್ಯಾನ್ಸರ್ ಬಂದು ಹೈದರಾಬಾದಿನ ಆಸ್ಪತ್ರೆಯಲ್ಲಿ ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸುವಾಗ ಅವರಿಗೆ ನೀರೂ ನುಂಗಲಾಗುತ್ತಿರಲಿಲ್ಲ. ನಳಿಗೆಯಲ್ಲಿ ಗಂಜಿ ಇಳಿಯುತ್ತಿತ್ತು, ಇವರು ಮೊಬೈಲಿನಲ್ಲಿ ಅಡುಗೆಯ ವಿಡಿಯೋ ನೋಡುತ್ತಿದ್ದರು. ಆ ವಾರ್ಡಿನಲ್ಲಿ ನಳಿಗೆ ಹಾಕಿಸಿಕೊಂಡವರೆಲ್ಲರ ಕಥೆಯೂ ಅದೇ. ಒಬ್ಬರು ಬಿರಿಯಾನಿ ನೋಡುತ್ತಿದ್ದರು, ಇನ್ನೊಬ್ಬರು ಜಿಲೇಬಿ ಬಿಡುವುದನ್ನು, ನಮ್ಮವರು ಸ್ಟೇಕ್. ದಪ್ಪ ಮಾಂಸದ ತುಂಡು ಬಾಣಲೆಯಲ್ಲಿ ಚುರ್ರೆನ್ನುವುದನ್ನು ಮೊಮ್ಮಗುವನ್ನು ನೋಡುವಂತೆ ನೋಡುತ್ತಿದ್ದರು. ಒಳಗೆ ಎಷ್ಟು ಕೆಂಪಿರಬೇಕು, ಸುಟ್ಟ ಮೇಲೆ ಎಷ್ಟು ಹೊತ್ತು ಬಿಡಬೇಕು ಎಂದು ನನಗೆ ಪಾಠ ಹೇಳುತ್ತಿದ್ದರು. ಗಂಜಿ ಕುಡಿಯುವವರ ಗತ್ತು ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಕರೆಂಟ್ ಮುಗಿದು ನಳಿಗೆ ತೆಗೆದ ಮೇಲೆ ಬೇರೆಯೇ ಸಂಕಟ ಶುರುವಾಯಿತು. ನಾಲಿಗೆಗೆ ರುಚಿಯೇ ಇಲ್ಲ. ಸಕ್ಕರೆ ಇಟ್ಟರೂ ಮಣ್ಣು, ಉಪ್ಪಿನಕಾಯಿ ಇಟ್ಟರೂ ಮಣ್ಣು. ಡಾಕ್ಟರರನ್ನು ಕೇಳಿದರೆ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಕಾದು ನೋಡಬೇಕು ಎಂದರು. ಬಾಯೊಳಗಿನ ಹುಣ್ಣು ಆರುವ ತನಕ ಉಪ್ಪು, ಖಾರ ಮುಟ್ಟಬಾರದು ಎಂದೂ ಹೇಳಿದರು. ನಾನು ಇಬ್ಬರಿಗೆ ಎರಡು ಅಡುಗೆ ಮಾಡುವ ಪೈಕಿಯವಳಲ್ಲ. ಸಪ್ಪೆ ಬೇಳೆ, ಮೆತ್ತಗಿನ ಅನ್ನ, ಒಂದೇ ಪಾತ್ರೆಯಲ್ಲಿ ಮಾಡಿ ಅವರಿಗೂ ಬಡಿಸಿ ನಾನೂ ಉಣ್ಣುತ್ತಿದ್ದೆ. ಹುಣ್ಣು ಆರಿದ ಮೇಲೂ ಅದೇ ರೂಢಿ ಉಳಿಯಿತು. ರುಚಿ ಗೊತ್ತಾಗದವರ ಎದುರು ಕೂತು ಚಪ್ಪರಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮದುವೆಯಾದ ಮರುದಿನದಿಂದ ನನ್ನ ಗಂಡ ನನ್ನ ಅಡುಗೆಗೆ ಹೇಳಿಕೊಂಡು ಬಂದ ಮಾತು ಒಂದೇ: "ಉಪ್ಪ ಕಮ್ಮಿ ಅದ." ಸಾರಿಗೂ ಅದೇ, ಪಲ್ಯಕ್ಕೂ ಅದೇ. ನಾನು ಬೇಕೆಂದೇ ಒಂದು ಹಿಡಿ ಸುರಿದ ದಿನವೂ ಅದೇ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಉಪ್ಪಿನ ಡಬ್ಬಿಯನ್ನು ಅವರ ಗಂಗಾಳದ ಪಕ್ಕ ಕುಟ್ಟಿ ಇಡುತ್ತಿದ್ದೆ. ಕಾಯಿಲೆ ಬಂದ ಮೇಲೆ ಆ ಮಾತು ನಿಂತುಹೋಯಿತು. ಏನು ಬಡಿಸಿದರೂ ಸುಮ್ಮನೆ ನಾಲ್ಕು ತುತ್ತು ನುಂಗಿ ಎದ್ದುಬಿಡುತ್ತಿದ್ದರು. ಆ ಮೌನ ನನ್ನನ್ನು ಹೆದರಿಸಿದಷ್ಟು ಯಾವ ಸ್ಕ್ಯಾನ್ ರಿಪೋರ್ಟೂ ಹೆದರಿಸಿರಲಿಲ್ಲ.

ಕಳೆದ ರಂಜಾನಿನಲ್ಲಿ ಮತ್ತೆ ತಪಾಸಣೆಗೆ ಹೈದರಾಬಾದಿಗೆ ಬಂದೆವು. ಎಂದಿನಂತೆ ತಾರ್ನಾಕದಲ್ಲಿ ಒಂದು ಕೋಣೆ ಹಿಡಿದೆವು. ಅಷ್ಟು ಸಲ ಬಂದರೂ ನಮಗೆ ಗೊತ್ತಿದ್ದ ಹೈದರಾಬಾದ್ ಎಂದರೆ ಆ ಕೋಣೆ, ಆಸ್ಪತ್ರೆ, ನಡುವಿನ ಮೆಟ್ರೋ. ಡಾಕ್ಟರು ರಿಪೋರ್ಟು ನೋಡಿ ಕಾಯಿಲೆಯ ಸುಳಿವೇ ಇಲ್ಲ ಎಂದರು. ನಾನು ಕೈ ಮುಗಿದೆ. ಆದರೆ ಇವರನ್ನು ತೂಕದ ಯಂತ್ರದ ಮೇಲೆ ಹತ್ತಿಸಿದಾಗ ಡಾಕ್ಟರರ ಮುಖ ಗಂಭೀರವಾಯಿತು. ಹೀಗೇ ಇಳಿಯುತ್ತ ಹೋದರೆ ಕಾಯಿಲೆ ಗೆದ್ದೂ ಉಪಯೋಗವಿಲ್ಲ, ಹೇಗಾದರೂ ಮಾಡಿ ಉಣ್ಣಿಸಿ ಎಂದು ನನಗೆ ಹೇಳಿದರು. ಹೊರಗೆ ಬಂದು ಏನು ತಿನ್ನುತ್ತೀರಿ ಎಂದು ಕೇಳಿದೆ. ಸ್ಟೇಕ್ ಎಂದರು. ಅಷ್ಟು ದಿನ ಆಸೆಯಿಂದ ಕಾದದ್ದೂ ಬಾಯಲ್ಲಿ ಮಣ್ಣೇ ಆದರೆ, ಈ ಮನುಷ್ಯ ಉಣ್ಣುವ ಆಸೆಯನ್ನೇ ಪೂರ್ತಿ ಬಿಟ್ಟುಬಿಡುತ್ತಾರೆ ಎನ್ನುವುದು ನನಗೆ ಖಾತ್ರಿಯಿತ್ತು.

ಮರುದಿನ ಮಧ್ಯಾಹ್ನ ಅವರೇ ಮೊಬೈಲಿನಲ್ಲಿ ಹುಡುಕಿ ಒಂದು ದೊಡ್ಡ ಮಾಲಿನೊಳಗಿನ ಹೋಟೆಲಿಗೆ ಕರೆದುಕೊಂಡು ಹೋದರು. ಒಳಗೆ ಕತ್ತಲೆಯೋ ಕತ್ತಲೆ, ತಣ್ಣಗೆ ಎ.ಸಿ. ಮಾಂಸ ಕುರಿಯದೇ ಹೌದೋ ಅಲ್ಲವೋ ಎಂದು ನಾನು ಕೇಳಿ ಖಾತ್ರಿ ಮಾಡಿಕೊಂಡೆ. ಇವರು ಎಷ್ಟು ಬೇಯಿಸಬೇಕು ಎಂದು ಹುಟ್ಟಿದಾಗಿನಿಂದ ಅದನ್ನೇ ತಿಂದವರಂತೆ ಹೇಳಿದರು. ತಟ್ಟೆ ಬಂತು. ಚಾಕುವಿನಿಂದ ಕೊಯ್ದು ಬಾಯಿಗೆ ಇಟ್ಟುಕೊಂಡರು. ಜಗಿದರು, ಜಗಿದರು. ಕರೆಂಟ್ ಕೊಟ್ಟ ಬಾಯಲ್ಲಿ ಜೊಲ್ಲು ಊರುವುದಿಲ್ಲ, ನೀರು ಕುಡಿದು ಮತ್ತೆ ಜಗಿದರು. ಕೊನೆಗೆ ಕಾಗದದ ಕರವಸ್ತ್ರದಲ್ಲಿ ಮೆಲ್ಲಗೆ ಉಗುಳಿ ಮಡಚಿಟ್ಟರು. ರಟ್ಟು ಜಗಿದಂಗಾಯ್ತು ಎಂದರು. ನಾನು ಒಂದು ತುಂಡು ತಿಂದು ನೋಡಿದೆ. ಉಪ್ಪೋ ಉಪ್ಪು. ಈ ಶಹರದ ಅಡುಗೆಯವರಿಗೆಲ್ಲ ಏನಾಗಿದೆ, ಎಲ್ಲಿ ಏನು ತಿಂದರೂ ಉಪ್ಪು ಜಾಸ್ತಿ ಎಂದು ಬೈದುಕೊಂಡು ಎದ್ದೆ.

ಹೊರಗೆ ರಸ್ತೆಯ ಪಕ್ಕ ಫುಟ್‌ಪಾತಿಗೆ ಕಲ್ಲು ಹಾಸುತ್ತಿದ್ದರು. ಎಷ್ಟೇ ಬೇಜಾರಿದ್ದರೂ ಕಲ್ಲು ಕಂಡರೆ ನನ್ನ ಗಂಡನ ಕಾಲು ನಿಲ್ಲುತ್ತದೆ. ಬಗ್ಗಿ ಬೆರಳಿನಿಂದ ತಟ್ಟಿ ನೋಡಿದರು. ಕೆಲಸದವನೊಬ್ಬ ಕನ್ನಡದಲ್ಲೇ ಯಾವೂರು ಎಂದು ಕೇಳಿದ. ಯಾದಗಿರಿ ಕಡೆಯವನು, ಹೆಂಡತಿಯೊಂದಿಗೆ ಇಲ್ಲೇ ಉಪ್ಪಲ್ ಬಡಾವಣೆಯಲ್ಲಿ ಶೆಡ್ಡು ಹಾಕಿಕೊಂಡಿದ್ದ. ಊರಿನವರು ಸಿಕ್ಕರೆ ನನ್ನ ಬಾಯಿ ನಿಲ್ಲುವುದಿಲ್ಲ. ಇವರ ಕಾಯಿಲೆಯಿಂದ ಹಿಡಿದು ಒಳಗಿನ ರಟ್ಟಿನ ತನಕ ಎಲ್ಲ ಒದರಿದೆ. ಅವನು ನಗಲಿಲ್ಲ. ಹಳೇ ಶಹರಕ್ಕೆ ಹೋಗಿ ಪತ್ಥರ್ ಕಾ ಗೋಷ್ತ್ ಕೇಳಿ ಎಂದ.

"ಕಲ್ಲಿನ ಮ್ಯಾಲ ಸುಡ್ತಾರ್ರೀ. ಹಲ್ಲಿಲ್ಲದವ್ರೂ ತಿಂತಾರ."

ಕಲ್ಲಿನ ಮೇಲೆ ಎಂದದ್ದೇ ತಡ, ಇವರ ಮುಖಕ್ಕೆ ಜೀವ ಬಂತು. ಯಾವ ಕಲ್ಲು, ಎಷ್ಟು ದಪ್ಪ, ಒಡೆಯುವುದಿಲ್ಲವೇ ಎಂದು ಕೇಳಿದ್ದೇ ಕೇಳಿದ್ದು. ಅವನಿಗೆ ಅದೆಲ್ಲ ಗೊತ್ತಿರಲಿಲ್ಲ. ಸಂಜೆ ರೋಜಾದ ಉಪವಾಸ ಬಿಟ್ಟ ಮೇಲೆ ಹೋಗಿ ಎಂದಷ್ಟೇ ಹೇಳಿದ. ಆದರೆ ನಮ್ಮವರು ಅಷ್ಟು ಹೊತ್ತು ತಡೆಯುವವರೇ? ಆಟೋ ಹಿಡಿದು ಬಿಸಿಲಿರುವಾಗಲೇ ನನ್ನನ್ನು ಎಳೆದುಕೊಂಡು ಹೋದರು.

ಗಲ್ಲಿಯ ಬಾಯಲ್ಲೇ ಅಂಗಡಿ ಇತ್ತು. ಇಟ್ಟಿಗೆಯ ಒಲೆಯ ಮೇಲೆ ಉದ್ದನೆಯ ಕರಿಕಲ್ಲು, ಕೆಳಗೆ ನಿಗಿನಿಗಿ ಕೆಂಡ. ಭುಜಕ್ಕೆ ಒದ್ದೆ ಟವೆಲ್ ಹಾಕಿಕೊಂಡ ಧಡೂತಿ ಆಳೊಬ್ಬ ಕಲ್ಲಿಗೆ ಎಣ್ಣೆ ಸವರುತ್ತಿದ್ದ. ಇನ್ನೂ ಯಾರಿಗೂ ಕೊಡುವಂತಿಲ್ಲ, ಮಸೀದಿಯಲ್ಲಿ ಬಾಂಗ್ ಆಗಲಿ, ಕೂತಿರಿ ಎಂದು ಬೆಂಚು ತೋರಿಸಿದ. ರೋಜಾ ಇರುವವನ ಮುಂದೆ ಹೊಟ್ಟೆಬಾಕರಂತೆ ಬಂದು ನಿಂತದ್ದಕ್ಕೆ ನನಗೆ ನಾಚಿಕೆಯಾಯಿತು. ಇವರಿಗೆ ಅದರ ಪರಿವೆಯೇ ಇಲ್ಲ. ಇದು ನಮ್ಮ ಫರ್ಶಿ ಅಲ್ಲ, ನಮ್ಮದಾದರೆ ಈ ಬೆಂಕಿಗೆ ಪಟಾರನೆ ಸೀಳುತ್ತಿತ್ತು ಎಂದು ನನಗೆ ಹೇಳಿದರು. ಅವನನ್ನು ಮಾತಿಗೆಳೆದರು. ಕಲ್ಲು ಕಾಯಲು ಮಧ್ಯಾಹ್ನದಿಂದಲೇ ಬೆಂಕಿ ಹಾಕಬೇಕಂತೆ. ಹೊಸ ಕಲ್ಲು ತಂದರೆ ಮೊದಲ ಕೆಲವು ದಿನ ಮಾಂಸವನ್ನೇ ಇಡದೆ ಬರೀ ಎಣ್ಣೆ ಕುಡಿಸಿ ಕಾಯಿಸುತ್ತಾನಂತೆ. ಮಾಂಸವನ್ನು ತೆಳ್ಳಗೆ ಜಜ್ಜಿ, ಹಸಿ ಪಪ್ಪಾಯಿ ಅರೆದು ಹಚ್ಚಿ, ಮಸಾಲೆಯಲ್ಲಿ ನೆನೆಹಾಕಿದ ಬೇಸಿನ್ನು ಪಕ್ಕದಲ್ಲಿತ್ತು.

ಮೊದಲ ತುಂಡುಗಳನ್ನು ಕಲ್ಲಿಗೆ ಇಟ್ಟ. ಆ ಸದ್ದು, ಆ ಹೊಗೆ, ಆ ವಾಸನೆ! ನೀರೂ ಮುಟ್ಟದೆ ಬೆಳಗಿನಿಂದ ಇದ್ದ ಮನುಷ್ಯ ಆ ಹೊಗೆಯಲ್ಲಿ ಬೆವರಿಳಿಸುತ್ತ ನಿಂತು, ಒಂದೊಂದೇ ತುಂಡನ್ನು ಮಗುಚುತ್ತಿದ್ದ. ಸುತ್ತ ಬೆಂಚುಗಳ ಮೇಲೆ ಜನ ಬಂದು ಕೂರುತ್ತಿದ್ದರು, ಯಾರ ಕೈಯೂ ಮುಂದೆ ಬರುತ್ತಿರಲಿಲ್ಲ. ಹಸಿವನ್ನು ಇಷ್ಟು ಸಮಾಧಾನವಾಗಿ ಎದುರಿಗಿಟ್ಟುಕೊಂಡು ಕೂತ ಜನರನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಆಗ ಅವನು ಪಕ್ಕದ ಹೂವಿನ ಅಂಗಡಿಯ ಕಡೆ ಕತ್ತು ಹೊರಳಿಸಿದ. ಅದಕ್ಕೆ ಬೀಗ ಹಾಕಿತ್ತು. ಒಂದು ಕ್ಷಣ ಯೋಚಿಸಿ ನಮ್ಮ ಕಡೆ ತಿರುಗಿ, ನೀವು ರೋಜಾ ಇಲ್ಲವಲ್ಲ ಎಂದು ಕೇಳಿದ. ಇಲ್ಲ ಎಂದೆವು. ರೋಜಾದಲ್ಲಿ ಅಡುಗೆ ಮಾಡುವವನು ತಾನು ನಾಲಿಗೆಗೆ ಇಡುವುದಿಲ್ಲ, ದಿನಾ ಸಂಜೆ ಹೂವಿನ ಅಮ್ಮ ಬಂದು ಉಪ್ಪು ನೋಡಿ ಹೇಳುತ್ತಿದ್ದಳು, ಇವತ್ತು ಯಾವುದೋ ಮದುವೆಗೆ ಹೋಗಿದ್ದಾಳೆ. ಇಷ್ಟು ಹೇಳಿ ಒಂದು ಪುಟ್ಟ ತುಂಡನ್ನು ಎಲೆಯ ಮೇಲೆ ಇಟ್ಟು ನನ್ನ ಗಂಡನ ಮುಂದೆ ಹಿಡಿದ.

"ನಮಕ್ ದೇಖ್ ಕೆ ಬೋಲೋ, ಭಾಯಿ."

ಉಪ್ಪು ನೋಡಿ ಹೇಳಿ ಎಂದು ಯಾರನ್ನು ಕೇಳುತ್ತಿದ್ದಾನೆ ಎಂದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಇವರಿಗೆ ರುಚಿ ಗೊತ್ತಾಗುವುದಿಲ್ಲ ಎನ್ನಲು ನಾನು ಬಾಯಿ ತೆರೆದೆ. ಇವರು ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಎಲೆಯನ್ನು ಎರಡೂ ಕೈಯಿಂದ ತೆಗೆದುಕೊಂಡು, ತುಂಡನ್ನು ಬಾಯಿಗೆ ಇಟ್ಟು, ಕಣ್ಣು ಮುಚ್ಚಿದರು. ಜಗಿಯುವುದೇ ಬೇಕಾಗಿರಲಿಲ್ಲ, ಅಷ್ಟು ಮೆತ್ತಗಿತ್ತೆಂದು ಆಮೇಲೆ ಹೇಳಿದರು. ನುಂಗಿದರು. ಕಣ್ಣು ತೆರೆದು ಕಲ್ಲನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

"ಉಪ್ಪ ಕಮ್ಮಿ ಅದ," ಎಂದರು.

ಕನ್ನಡದಲ್ಲೇ ಅಂದುಬಿಟ್ಟಿದ್ದರು. ಮತ್ತೆ ಹಿಂದಿಯಲ್ಲಿ ಹೇಳಿದರು. ನನಗೆ ದಿಗಿಲಾಯಿತು. ಹಳೇ ಚಾಳಿಯಿಂದ ಬಂದ ಮಾತೋ, ಅಪರಿಚಿತರ ಮುಂದೆ ಮಾನ ಉಳಿಸಿಕೊಳ್ಳಲು ಹೇಳಿದ್ದೋ? ಒಬ್ಬ ಉಪವಾಸದ ಮನುಷ್ಯನ ಇಡೀ ಸಂಜೆಯ ಅಡುಗೆ ಇವರ ಒಂದು ಮಾತಿನಿಂದ ಕೆಡುತ್ತದಲ್ಲ ಎಂದು ನಾನೂ ಒಂದು ತುಂಡು ಕೇಳಿ ತಿಂದೆ. ಉಪ್ಪು ಬರೋಬ್ಬರಿ ಇತ್ತು. ಹಾಗೆಂದು ಹೇಳಿಯೂ ಹೇಳಿದೆ. ಅವನು ಇಬ್ಬರ ಮುಖವನ್ನೂ ನೋಡಿದ. ಇವರು ಮಾತು ಬದಲಿಸಲಿಲ್ಲ, ಮೂರು ಬೆರಳು ಜೋಡಿಸಿ ಇಷ್ಟು ಹಾಕು ಎಂದು ತೋರಿಸಿದರು. ಅವನು ದೇವರ ಹೆಸರು ಹೇಳಿ ಉಪ್ಪು ತೆಗೆದು ಬೇಸಿನ್ನಿಗೆ ಹಾಕಿ ಕಲಸಿದ, ಕಲ್ಲಿನ ಮೇಲಿದ್ದವಕ್ಕೂ ಉದುರಿಸಿದ. ನಾನು ಸೆರಗು ಹಿಂಡುತ್ತ ಕೂತೆ.

ಬಾಂಗ್ ಆಯಿತು. ನಮ್ಮ ಕೈಗೂ ಯಾರೋ ಖರ್ಜೂರ ಇಟ್ಟರು. ಅವನು ಖರ್ಜೂರ ತಿಂದು, ನೀರು ಕುಡಿದು, ಕಲ್ಲಿನಿಂದ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡ. ನಾನು ಅವನ ದವಡೆಯನ್ನೇ ನೋಡುತ್ತಿದ್ದೆ. ಅವನು ಒದ್ದೆ ಟವೆಲಿನಿಂದ ಮುಖ ಒರೆಸಿಕೊಂಡು ನನ್ನ ಗಂಡನ ಹತ್ತಿರ ಬಂದು, ಬಲಗೈಯನ್ನು ಎದೆಗೆ ಮುಟ್ಟಿಸಿಕೊಂಡ. ನಿನ್ನೆ ಹೂವಿನ ಅಮ್ಮ ಜಾಸ್ತಿಯಾಗಿದೆ ಎಂದಿದ್ದಳಂತೆ, ಅದಕ್ಕೇ ಹೆದರಿ ಇವತ್ತು ಕೈ ಹಿಡಿದು ಹಾಕಿದ್ದನಂತೆ. ಈಗ ಬರಾಬರ್ ಆಯಿತು ಎಂದ.

ಬೆಂಚಿನ ಮೇಲಿದ್ದವರೆಲ್ಲ ರೊಟ್ಟಿ ಮುರಿದು ತಿನ್ನುತ್ತಿದ್ದರು. ನಮಗೂ ಒಂದು ಪ್ಲೇಟು ಬಂತು. ನನ್ನ ಗಂಡ ಲಿಂಬೆಹಣ್ಣು ಹಿಂಡಿಕೊಂಡು, ಈರುಳ್ಳಿ ಸೇರಿಸಿಕೊಂಡು, ಒಂದಾದ ಮೇಲೆ ಒಂದು ತಿಂದರು. ನಾನು ಒಂದು ತುಂಡು ಬಾಯಿಗಿಟ್ಟೆ. ಉಪ್ಪೆಂದರೆ ಉಪ್ಪು, ಕಣ್ಣಲ್ಲಿ ನೀರು ಬಂತು. ಸುತ್ತ ನೋಡಿದೆ. ಯಾರೂ ಮುಖ ಕಿವುಚುತ್ತಿರಲಿಲ್ಲ. ಮಾಲಿನ ಹೋಟೆಲು, ಆಸ್ಪತ್ರೆಯ ಕ್ಯಾಂಟೀನು, ಎಲ್ಲಿ ತಿಂದರೂ ಜಾಸ್ತಿಯಾಗಿದ್ದ ಉಪ್ಪು ಒಂದೇ ಸಲ ನೆನಪಿಗೆ ಬಂತು. ಅವರ ಜೊತೆ ಇಷ್ಟು ದಿನ ನಾನೂ ಉಂಡ ಸಪ್ಪೆ ಬೇಳೆಯ ಆ ಒಂದೇ ಪಾತ್ರೆಯೂ ನೆನಪಿಗೆ ಬಂತು.

ಯಾಕೆ ಅಳುತ್ತಿ ಎಂದು ಇವರು ಕೇಳಿದರು. ಉಪ್ಪು ಭಾಳ ಆಗ್ಯದ್ರಿ ಎಂದೆ. ಕೈಯಲ್ಲಿದ್ದ ತುಂಡನ್ನು ಹಾಗೇ ಹಿಡಿದುಕೊಂಡು ನನ್ನನ್ನು ದಿಟ್ಟಿಸಿ ನೋಡಿದರು. ಅವರಿಗೂ ಆಗಲೇ ತಿಳಿದಿರಬೇಕು. ಕಾಯಿಲೆ ಬಂದ ಮೇಲೆ ಮೊದಲ ಸಲ ಗಂಟಲು ಬಿಟ್ಟು ನಕ್ಕರು.

"ಈಗ ರುಚಿ ಹೋಗಿದ್ದು ನಂದಲ್ಲ, ನಿಂದು."

ಹೌದ್ರಿ, ನಂದೇ ಎಂದೆ. ಅವರ ಎದುರು ವಾದದಲ್ಲಿ ಸೋತು ನಾನು ಅಷ್ಟು ಸಂತೋಷಪಟ್ಟಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡು ಎದ್ದು ಕಲ್ಲಿನ ಹತ್ತಿರ ಹೋಗಿ, ಅವರಿಗೆ ಇನ್ನೊಂದು ಪ್ಲೇಟು ಹೇಳಿದೆ.