ಚೆಂಬಿನೊಳಗಿನ ದೇಶಗಳು

ನಾನು ಹೆಚ್ಚಾಗಿ ಕೇಳುವುದು ಭಾಷೆ ಗೊತ್ತಿಲ್ಲದ ಹಾಡುಗಳನ್ನು. ಇದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ. ಗೊತ್ತಿರುವ ಹಾಡಾದರೆ ಬಾಯಿ ತಾನಾಗಿಯೇ ಜೊತೆಗೂಡಲು ಹೊರಡುತ್ತದೆ, ನನ್ನ ಬಾಯಿಗೆ ಆ ಅನುಮತಿ ಇಲ್ಲ. ಐದನೇ ತರಗತಿಯ ಪ್ರಾರ್ಥನೆಯ ಸಾಲಿನಲ್ಲಿ ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಗ್ಗಿ, "ನೀನು ತುಟಿ ಮಾತ್ರ ಆಡ್ಸಪ್ಪ, ಸಾಕು" ಎಂದಿದ್ದರು. ಮೃದುವಾಗಿಯೇ ಹೇಳಿದರು ಪಾಪ. ಆಮೇಲೆ ನಲವತ್ತು ವರ್ಷ ತುಟಿ ಮಾತ್ರ ಆಡಿಸಿಕೊಂಡೇ ಬಂದಿದ್ದೇನೆ, ನಾಡಗೀತೆಗೂ ಅಷ್ಟೇ.

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಹೈಸ್ಕೂಲು ಮಕ್ಕಳಿಗೆ ಚಿತ್ರಕಲೆ ಕಲಿಸುವವನು ನಾನು. ಕಿಟಕಿ ಪಕ್ಕದ ಸೀಟು ಸಿಕ್ಕರೆ ಇಯರ್‌ಫೋನ್ ಹಾಕಿಕೊಂಡು ಕಣ್ಣು ಅರ್ಧ ಮುಚ್ಚುತ್ತೇನೆ. ಈಚೆಗೆ ಒಂದು ಧ್ವನಿಮುದ್ರಿಕೆ ನನ್ನನ್ನು ಹಿಡಿದುಕೊಂಡಿದೆ. ಅದರಲ್ಲಿ ವಾದ್ಯವೇ ಇಲ್ಲ, ಬರೀ ಗಂಟಲುಗಳು. ಹುಲ್ಲುಗಾವಲಿನ ದೇಶದವನೊಬ್ಬ ಒಂದೇ ಗಂಟಲಿನಲ್ಲಿ ಎರಡು ಸ್ವರ ಹೊರಡಿಸುತ್ತಾನೆ, ಕೆಳಗೊಂದು ಗುಡುಗು, ಮೇಲೊಂದು ಸಿಳ್ಳೆ. ಬೆಟ್ಟದ ದೇಶದ ಹೆಂಗಸರು ಒಬ್ಬರ ದನಿಗೆ ಒಬ್ಬರು ದನಿ ಉಜ್ಜಿಕೊಂಡು ಹಾಡುತ್ತಾರೆ. ನಡುವೆ ನಮ್ಮ ಕಡೆಯದೇ ಒಂದು ಆಲಾಪ ಬಂದು ಸೇರುತ್ತದೆ. ಇನ್ನು ಹಿಮದ ನಾಡಿನ ಇಬ್ಬರು ಹೆಂಗಸರು. ಅವರು ಎದುರುಬದುರು ನಿಂತು, ಒಬ್ಬಳು ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಇನ್ನೊಬ್ಬಳು ದನಿ ತುಂಬುತ್ತಾಳಂತೆ. ಮೊದಲು ನಕ್ಕವಳು ಸೋತ ಹಾಗೆ. ಇದನ್ನೆಲ್ಲ ಕೇಳುತ್ತ, ಹೊಗೆಸೊಪ್ಪಿನ ಹೊಲಗಳು ಹಿಂದೆ ಸರಿಯುವುದನ್ನು ನೋಡುತ್ತ ಕೂತರೆ ಯಾವ ದೇಶದಲ್ಲಿದ್ದೇನೆಂಬುದೇ ಮರೆತುಹೋಗುತ್ತದೆ. ಎರಡು ಸಲ ಪಿರಿಯಾಪಟ್ಟಣ ದಾಟಿ ಕುಶಾಲನಗರದಲ್ಲಿ ಇಳಿದಿದ್ದೇನೆ.

ಹಿಮದ ನಾಡಿನ ಆ ಇಬ್ಬರನ್ನು ಕೇಳಿದಾಗಲೆಲ್ಲ ಗಾವಡಗೆರೆಯ ನನ್ನ ದೊಡ್ಡವ್ವ ನೆನಪಾಗುತ್ತಾಳೆ. ದೊಡ್ಡವ್ವ ಮತ್ತು ಪಕ್ಕದ ಮನೆಯ ಕೆಂಪಮ್ಮ ಸುತ್ತಿನ ಮದುವೆಗಳಿಗೆಲ್ಲ ಸೋಬಾನೆ ಹೇಳುತ್ತಿದ್ದರು. ದೊಡ್ಡವ್ವ ಒಂದು ಸಾಲು ಹೇಳಿ ನಿಲ್ಲಿಸಿದರೆ ಅದರ ಕೊನೆಯ ದನಿ ಆರುವ ಮೊದಲೇ ಕೆಂಪಮ್ಮ ಅದೇ ಸಾಲನ್ನು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಪದ ನೆಲಕ್ಕೆ ಬಿತ್ತು ಎಂದು ಲೆಕ್ಕ, ಮದುವೆಮನೆಗೆ ಅದು ಒಳ್ಳೆಯದಲ್ಲವೆಂದು ದೊಡ್ಡವ್ವನ ನಂಬಿಕೆ. ಹೋದ ವರ್ಷ ಕೆಂಪಮ್ಮ ತೀರಿಕೊಂಡಳು. ದೊಡ್ಡವ್ವ ಅಂದಿನಿಂದ ಒಂದು ಪದವನ್ನೂ ಹೇಳಿಲ್ಲ. ಸ್ವಂತ ಮೊಮ್ಮಗಳು ಪವಿತ್ರ ಬಂದು, ತನ್ನ ಮದುವೆಗಾದರೂ ಹೇಳಬೇಕೆಂದು ಕೈ ಹಿಡಿದುಕೊಂಡಾಗಲೂ, "ಎತ್ಕೊಳ್ಳೋರಿಲ್ದೆ ಏನಂತ ಯೋಳ್ಲಿ? ಬುಡವ್ವ" ಎಂದುಬಿಟ್ಟಳಂತೆ. ಹುಡುಗಿ ಅತ್ತಳೆಂದು ಕೇಳಿ ನನಗೂ ಸಂಕಟವಾಯಿತು.

ಮದುವೆಗೆ ಹತ್ತು ದಿನವಿರುವಾಗ, ಭಾನುವಾರ ಮಧ್ಯಾಹ್ನ ಹೋದೆ. ದೊಡ್ಡವ್ವ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಅವಳ ಪಕ್ಕದಲ್ಲಿ ಕೂತು, ನನ್ನ ಹಾಡು ಹಾಕಿ ಫೋನನ್ನು ಖಾಲಿ ಚೆಂಬಿನೊಳಗಿಟ್ಟೆ. ಹಾಗಿಟ್ಟರೆ ದನಿ ದೊಡ್ಡದಾಗುತ್ತದೆ.

"ಯಾವೂರೋರ್ಲಾ ಇವ್ರು?" ಎಂದಳು.

"ಒಬ್ಬೊಬ್ರದು ಒಂದೊಂದು ದೇಶ, ದೊಡ್ಡವ್ವ."

"ಒಬ್ರ ಮಾತು ಒಬ್ರಿಗೆ ತಿಳೀದೆ ಎಂಗ್ ಕೂಡ್ಕಂಡ್ರು?"

ನಾನು ಚೆಂಬನ್ನು ಅವಳ ಹತ್ತಿರಕ್ಕೆ ಸರಿಸಿದೆ. ಮೊರದ ಸದ್ದು ನಿಧಾನವಾಯಿತು. ಆ ಹಾಡಿನಲ್ಲಿ ಒಂದು ಕಡೆ ಬೆಟ್ಟದ ಹೆಂಗಸರು ದನಿ ಏರಿಸಿ ಥಟ್ಟನೆ ನಿಂತುಬಿಡುತ್ತಾರೆ, ಆಮೇಲೆ ದೊಡ್ಡ ಮೌನ. ಎಂಥ ಕಲಾತ್ಮಕ ಮೌನ ಎಂದು ನಾನು ಬಸ್ಸಿನಲ್ಲಿ ತಲೆದೂಗಿದ್ದೇ ದೂಗಿದ್ದು. ದೊಡ್ಡವ್ವನಿಗೆ ಗಾಬರಿಯಾಯಿತು.

"ಪಾಪ, ಎತ್ಕೊಳ್ಳೋರೇ ಇಲ್ವಲ್ಲ" ಎಂದವಳೇ ಮೊರ ಕೆಳಗಿಟ್ಟು, ಅವರು ಬಿಟ್ಟ ಅದೇ ಶ್ರುತಿಯಲ್ಲಿ ಅರಿಶಿನ ಹಚ್ಚುವ ಪದ ಎತ್ತಿಕೊಂಡಳು. ನಾನು ಮೆಲ್ಲಗೆ ಚೆಂಬಿಗೆ ಕೈಹಾಕಿ ಫೋನ್ ನಿಲ್ಲಿಸಿದೆ. ವರ್ಷದ ಧೂಳು ಹಿಡಿದ ದನಿ ಒಂದೆರಡು ಕಡೆ ಒಡೆದು, ಆಮೇಲೆ ನೆಟ್ಟಗಾಯಿತು. ಸಾಲು ಮುಗಿಯಿತು. ಅವಳು ಅಭ್ಯಾಸಬಲದಿಂದ ಬಲಕ್ಕೆ ತಿರುಗಿದಳು. ಕೆಂಪಮ್ಮ ಕೂರುತ್ತಿದ್ದ ಜಾಗ ಅದು. ಅಲ್ಲಿ ನಾನು ಕೂತಿದ್ದೆ.

ನನ್ನ ತುಟಿಗಳು ಎಂದಿನಂತೆ ಆಡಿದವು, ದನಿಯಿಲ್ಲದೆ. ಅವಳ ಮುಖ ಬಾಡುವುದು ಕಾಣಿಸಿತು. ನನಗೆ ತಡೆಯಲಾಗಲಿಲ್ಲ, ಗಂಟಲು ಬಿಟ್ಟೆ. ಹೊರಬಂದದ್ದನ್ನು ವರ್ಣಿಸುವುದು ಬೇಡ, ಅಂಗಳದ ಕೋಳಿ ಎದ್ದು ಹಿತ್ತಲಿಗೆ ಹೋಯಿತು. ದೊಡ್ಡವ್ವ ಮಾತ್ರ ನಗಲಿಲ್ಲ. ಮುಂದಿನ ಸಾಲು ಹೇಳಿದಳು. ಹಾಗೇ ಪದ ಪೂರ್ತಿ ಮುಗಿಸಿದೆವು.

"ರಾಗ ಕೆಟ್ಟೋಗದೆ ಕಣ್ಮಗ" ಎಂದು ಕಣ್ಣೊರೆಸಿಕೊಂಡಳು. "ಆದ್ರೂ ಬೀಳ್ಲಿಲ್ಲ. ಚಪ್ರದ್ ದಿನ ನನ್ ಪಕ್ಕದಲ್ಲೇ ಕುಂತ್ಕೊ."

"ಸೋಬಾನೆಗೆ ಗಂಡಸರು ಕೂರ್ತಾರಾ ದೊಡ್ಡವ್ವ?"

"ಆ ಚೆಂಬೊಳಗೆ ಗಂಡುಸ್ರೂ ಎಂಗುಸ್ರೂ ಒಟ್ಗೆ ಕೂತಿರ್ಲಿಲ್ವೇನ್ಲಾ?"

ಮಾರನೆಯ ದಿನ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಳ್ಳಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಅರಿಶಿನದ ಪದ ಗುನುಗುತ್ತಿದ್ದೆ. ಪಕ್ಕದವರು ಸ್ವಲ್ಪ ಹೊತ್ತು ನೋಡಿ, "ಉಷಾರಿಲ್ವಾ ಸಾರ್?" ಎಂದು ಕೇಳಿದರು. ಚೆನ್ನಾಗಿದ್ದೇನೆ ಎಂದು ಹೇಳಿ, ಬಿಟ್ಟಲ್ಲಿಂದ ಎತ್ತಿಕೊಂಡೆ.