ಹಾಜರಿ ಇಲ್ಲದ ಉದ್ಯಮಿ

ನಿಜಗುಣಪ್ಪನವರು ರಾಮದುರ್ಗದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಭೂಗೋಳ ಕಲಿಸುತ್ತಿದ್ದರು. ಅಮೆಜಾನಿನ ಉಪನದಿಗಳೆಲ್ಲ ಬಾಯಿಪಾಠ. ಸಂತೆಯಲ್ಲಿ ಬದನೆಕಾಯಿ ಚೌಕಾಶಿ ಮಾತ್ರ ಹೆಂಡತಿಯ ಪಾಲಿಗೆ ಬಿಟ್ಟದ್ದು. ಅಂಥವರಿಗೆ ವಿಶ್ವವಿದ್ಯಾಲಯ 'ಭೂಗೋಳ ಮತ್ತು ಉದ್ಯಮಶೀಲತೆ' ಎಂಬ ಹೊಸ ವಿಷಯ ಕೊಟ್ಟಿತು. ಎರಡು ದಿನದ ತರಬೇತಿಯೂ ಆಯಿತು. ತರಬೇತಿ ಕೊಟ್ಟವರೂ ಅಂಗಡಿ ಇಟ್ಟವರಲ್ಲ, ಸಂಬಳದವರೇ.

ಅಸೈನ್‌ಮೆಂಟ್ ಸರಳವಾಗಿತ್ತು: ನಿಮ್ಮೂರ ನಕಾಶೆ ಬರೆದು, ಅಲ್ಲಿ ಯಾವ ಉದ್ಯೋಗ ನಡೆದೀತು ತೋರಿಸಿರಿ. ಮೂವತ್ತೊಂದು ಮಂದಿ ಮೊಬೈಲಿನಿಂದ ಒಂದೇ ರೆಸಾರ್ಟಿನ ನಕಾಶೆ ಇಳಿಸಿ ತಂದರು. ಅದರಲ್ಲಿ ಸಮುದ್ರವೂ ಇತ್ತು. ಕಟಕೋಳದ ರೇಣು ಮಾತ್ರ ಸುತ್ತಲ ಹಳ್ಳಿ, ರಸ್ತೆ, ಬಸ್ಸಿನ ವೇಳೆ, ಗೋಧಿ ಹೊಲ ಗುರುತಿಸಿ ನಡುವೆ ಕೆಂಪು ಚುಕ್ಕೆ ಇಟ್ಟಿದ್ದಳು.

"ಇದೇನವಾ?"

"ನಮ್ಮ ಮನೀರಿ ಸರ. ಶ್ಯಾವಗಿ ಮಾಡಸಾಕ ಸಾಲಹಳ್ಳಿ ಮಂದೀನೂ ಗೋಧಿ ಡಬ್ಬಿ ಹೊತ್ಕೊಂಡು ರಾಮದುರ್ಗದ ತನಾ ಬರತಾರ. ನಮ್ಮ ಪಡಸಾಲ್ಯಾಗ ಮಷಿನ್ ಇಟ್ರ ನಡೀತೈತ್ರಿ."

ನಿಜಗುಣಪ್ಪ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟು ಮರೆತರು. ರೇಣು ಮರೆಯಲಿಲ್ಲ. ತಾಯಿ ಕೃಷ್ಣವ್ವನನ್ನು ಒಪ್ಪಿಸಿ ಫೆಬ್ರವರಿಯಲ್ಲಿ ಯಂತ್ರ ತಂದಳು. ಏಪ್ರಿಲಿಗೆ ಪಡಸಾಲೆಯಿಂದ ಬೀದಿಯವರೆಗೆ ಡಬ್ಬಿಗಳ ಪಾಳಿ. ಕಾಲೇಜಿಗೆ ಬರುವುದು ನಿಂತಿತು. ಹಾಜರಿ ಕಡಿಮೆಯೆಂದು ಪರೀಕ್ಷೆಗೆ ಕೂಡಿಸಲಿಲ್ಲ. ಉದ್ಯಮಶೀಲತೆಯಲ್ಲಿ ಅವಳೊಬ್ಬಳೇ ನಪಾಸು, ರೆಸಾರ್ಟಿನವರೆಲ್ಲ ಪಾಸು.

ಜೂನಿನಲ್ಲಿ ವಿಶ್ವವಿದ್ಯಾಲಯದ ಪರಿಶೀಲನಾ ತಂಡ ಬರುವುದಿತ್ತು. ಅವರಿಗೆ ಕೊಡಬೇಕಾದ ವರದಿಯಲ್ಲಿ 'ಈ ವಿಷಯ ಓದಿ ಉದ್ಯಮಿಗಳಾದವರು' ಎಂಬ ಕಾಲಂ ಖಾಲಿ ಇತ್ತು. ಪ್ರಾಂಶುಪಾಲರು ನಿಜಗುಣಪ್ಪನವರನ್ನು ಕಟಕೋಳಕ್ಕೆ ಅಟ್ಟಿದರು.

"ಅತಿಥಿ ಉಪನ್ಯಾಸಕ್ಕ ಬರಬೇಕವಾ," ಎಂದರು ಅವರು, ಡಬ್ಬಿಗಳ ನಡುವೆ ನಿಂತು.

"ಬರತೇನ್ರಿ ಸರ. ಆವತ್ತಿನ ಹಾಜರಿ ಹಾಕತೀರೇನ್ರಿ?"

ಅವರು ಅಲ್ಲಿಂದಲೇ ಪ್ರಾಂಶುಪಾಲರಿಗೆ ಫೋನು ಮಾಡಿದರು. ಅತಿಥಿಗೆ ಶಾಲು ಹೊದಿಸಲು ಅವಕಾಶವಿತ್ತು, ಹಾಜರಿಗೆ ಇರಲಿಲ್ಲ.

ರೇಣು ಆದರೂ ಬಂದಳು. ಮೊದಲ ವಾರ ಒಣಹಾಕಲು ಜಾಗ ಸಾಲದೆ ಎರಡು ಮನೆಯ ಶ್ಯಾವಿಗೆ ಕೆಟ್ಟದ್ದನ್ನೂ, ತಮ್ಮ ಗೋಧಿಯಿಂದ ಮತ್ತೆ ಮಾಡಿಕೊಟ್ಟದ್ದನ್ನೂ ಮುಚ್ಚಿಡದೆ ಹೇಳಿದಳು. ಹಿಂದಿನ ಬೆಂಚಿನಲ್ಲಿ ನಿಜಗುಣಪ್ಪ ಬರೆದುಕೊಳ್ಳುತ್ತಿದ್ದರು. ತಾನು ಇಷ್ಟು ದಿನ ಏನು ಕಲಿಸಿದೆ ಎಂದು ಅವರಿಗೆ ನಾಚಿಕೆಯಾಯಿತು. ತಂಡದವರು 'ಅತ್ಯುತ್ತಮ' ಎಂದು ಬರೆದು ಊಟಕ್ಕೆ ಎದ್ದರು.

ಮರುವರ್ಷ ರೇಣು ಹಾಜರಿ ಬೇಡದ ಬಾಹ್ಯ ಪರೀಕ್ಷೆಗೆ ಹೆಸರು ಕೊಟ್ಟಳು. ನಿಜಗುಣಪ್ಪ ಭಾನುವಾರಗಳಂದು ಕಟಕೋಳಕ್ಕೆ ಹೋಗಿ, ಯಂತ್ರದ ಸದ್ದಿನಲ್ಲೇ, ಉದ್ಯಮಿಯ ಐದು ಲಕ್ಷಣಗಳನ್ನು ಅವಳಿಗೆ ಉರು ಹೊಡೆಸಿದರು. ನಾಲ್ಕು ಹೇಳಿ ಐದನೆಯದನ್ನು ಅವಳು ಪ್ರತಿಸಲ ಮರೆಯುತ್ತಿದ್ದಳು.

ಅಂತೂ ಮೂವತ್ತೆಂಟು ಅಂಕಕ್ಕೆ ಪಾಸಾದಳು. ಫಲಿತಾಂಶ ನೋಡಿದವರು ನಿಜಗುಣಪ್ಪನವರೇ. ರೇಣು ಆ ದಿನ ಎರಡನೆಯ ಯಂತ್ರಕ್ಕೆ ಜಾಗ ನೋಡಲು ಮುನವಳ್ಳಿಗೆ ಹೋಗಿದ್ದಳು.